ಮನೆ ಕಟ್ಟಿದವನಿಗೇ ಜಾಗವಿಲ್ಲ: ಬೇಬ್ ರೂತ್‌ನನ್ನು ಯಾಂಕೀಸ್ ಬಿಟ್ಟುಕೊಟ್ಟ ಕಥೆ

1934ರ ಸೆಪ್ಟೆಂಬರ್ 24. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂ. ಅರವತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಆ ಕ್ರೀಡಾಂಗಣದಲ್ಲಿ ಅಂದು ಇದ್ದವರು ಸುಮಾರು ಎರಡು ಸಾವಿರ ಮಂದಿ. ಮೊದಲ ಇನಿಂಗ್ಸ್‌ನಲ್ಲಿ ದಪ್ಪ ಹೊಟ್ಟೆಯ, ತೆಳು ಕಾಲಿನ ಆಟಗಾರನೊಬ್ಬ ಬ್ಯಾಟ್ ಹಿಡಿದು ಬಂದ. ಎದುರಾಳಿಯ ನಾಲ್ಕು ಎಸೆತ ಹೊರಗೆ ಬಿದ್ದಿದ್ದರಿಂದ ಚೆಂಡು ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದು ಹೋದ. ಅಲ್ಲಿಂದ ಮುಂದೆ ಅವನ ಬದಲು ಓಡಲು ಇನ್ನೊಬ್ಬ ಬಂದ. ಈತ ಮೈದಾನದಿಂದ ಹೊರಗೆ ನಡೆದ. ಮುಗಿಯಿತು.

ಆತನ ಹೆಸರು ಬೇಬ್ ರೂತ್. ಆ ಕ್ರೀಡಾಂಗಣವನ್ನು ಜನ ರೂತ್ ಕಟ್ಟಿದ ಮನೆ ಎಂದೇ ಕರೆಯುತ್ತಿದ್ದರು. ಯಾಂಕೀಸ್ ಆಟಗಾರನಾಗಿ ಆ ಮನೆಯಂಗಳದಲ್ಲಿ ಆತ ಆಡಿದ ಕೊನೆಯ ಪಂದ್ಯ ಅದು. ಐದು ತಿಂಗಳ ನಂತರ ತಂಡ ಆತನನ್ನು ಬಿಟ್ಟುಕೊಟ್ಟಿತು. ಹಣಕ್ಕೆ ಮಾರಲಿಲ್ಲ, ಬದಲಿಗೆ ಬೇರೆ ಆಟಗಾರನನ್ನೂ ಕೇಳಲಿಲ್ಲ. ಸುಮ್ಮನೆ ಬಿಟ್ಟಿತು.

ಐಪಿಎಲ್ ರಿಟೆನ್ಶನ್ ಪಟ್ಟಿ ಬರುವ ದಿನ ಸುದ್ದಿಮನೆಯ ಡೆಸ್ಕ್‌ನಲ್ಲಿ ಕೂತವರಿಗೆ ಒಂದು ಚರ್ಚೆ ಖಾಯಂ. ವಯಸ್ಸಾದ ಸ್ಟಾರ್ ಆಟಗಾರನನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ? ಅಭಿಮಾನಿ ಒಂದು ಹೇಳುತ್ತಾನೆ, ಲೆಕ್ಕ ಇನ್ನೊಂದು ಹೇಳುತ್ತದೆ. ತೊಂಬತ್ತು ವರ್ಷಗಳ ಹಿಂದೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ತಂಡ ಇದೇ ಪ್ರಶ್ನೆಯನ್ನು ಹೇಗೆ ಬಗೆಹರಿಸಿತು ಎಂಬುದನ್ನು ಓದಿದರೆ, ನಿರ್ಧಾರ ಸರಿಯಿದ್ದರೂ ಅದನ್ನು ತೆಗೆದುಕೊಂಡ ರೀತಿ ಹೇಗೆ ಕೆಡಬಹುದು ಎಂಬುದು ತಿಳಿಯುತ್ತದೆ.

ಹೆಂಡದಂಗಡಿಯ ಹುಡುಗ

ಜಾರ್ಜ್ ಹರ್ಮನ್ ರೂತ್ ಹುಟ್ಟಿದ್ದು 1895ರ ಫೆಬ್ರವರಿ 6ರಂದು, ಬಾಲ್ಟಿಮೋರ್ ನಗರದ ಬಡವರ ಕೇರಿಯಲ್ಲಿ. ಅಪ್ಪ ಹೆಂಡದಂಗಡಿ ನಡೆಸುತ್ತಿದ್ದ. ಹುಡುಗನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಏಳನೇ ವಯಸ್ಸಿನಲ್ಲಿ ಆತನನ್ನು ಸೇಂಟ್ ಮೇರೀಸ್ ಎಂಬ ಶಾಲೆಗೆ ಸೇರಿಸಿದರು. ಹೆಸರಿಗೆ ಶಾಲೆ, ಅನಾಥರು, ದಾರಿ ತಪ್ಪಿದ ಹುಡುಗರು, ಮನೆಗೆ ಬೇಡವಾದವರು ಎಲ್ಲರೂ ಇರುತ್ತಿದ್ದ ಕ್ರೈಸ್ತ ಗುರುಗಳ ಆಶ್ರಮ. ಅಲ್ಲಿ ಆತ ಅಂಗಿ ಹೊಲಿಯುವುದನ್ನು ಕಲಿತ. ಬ್ರದರ್ ಮಥಾಯಸ್ ಎಂಬ ಎತ್ತರದ ಗುರು ಚೆಂಡು ಹೊಡೆಯುವುದನ್ನೂ ಕಲಿಸಿದ. ರೂತ್ ಕೊನೆಯವರೆಗೂ ದೇವರಂತೆ ಕಂಡಿದ್ದು ಈ ಒಬ್ಬ ಮನುಷ್ಯನನ್ನು.

1914ರಲ್ಲಿ ಊರಿನ ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಮಾಲೀಕ ಜ್ಯಾಕ್ ಡನ್ ವರ್ಷಕ್ಕೆ 600 ಡಾಲರ್ ಸಂಬಳ ಗೊತ್ತುಮಾಡಿ ಹುಡುಗನನ್ನು ಕರೆದುಕೊಂಡು ಹೋದ. ಹೊರಗಿನ ಪ್ರಪಂಚವನ್ನೇ ಕಾಣದ ಆ ಹತ್ತೊಂಬತ್ತರ ಹುಡುಗನಿಗೆ ತಂಡದವರು ಇಟ್ಟ ಹೆಸರು ಬೇಬ್, ಅಂದರೆ ಕೂಸು. ಅದೇ ವರ್ಷ ಜುಲೈನಲ್ಲಿ ಆತ ಬಾಸ್ಟನ್ ರೆಡ್ ಸಾಕ್ಸ್ ಪಾಲಾದ.

ಬೇಸ್‌ಬಾಲ್ ನೋಡದವರಿಗೆ ಇಲ್ಲೊಂದು ವಿವರಣೆ ಬೇಕು. ನಮ್ಮ ಬೌಲರ್‌ನಂತೆ ಅಲ್ಲಿ ಚೆಂಡು ಎಸೆಯುವವನು ಪಿಚರ್. ಹೊಡೆದ ಚೆಂಡು ನೇರ ಬೇಲಿ ದಾಟಿದರೆ ಅದು ಹೋಮ್ ರನ್. ನಮ್ಮ ಸಿಕ್ಸರ್‌ನ ಅಣ್ಣ ಎನ್ನಿ. ರೂತ್ ಮೊದಲು ಹೆಸರು ಮಾಡಿದ್ದು ಪಿಚರ್ ಆಗಿ. 1916ರಲ್ಲಿ 23 ಪಂದ್ಯ ಗೆದ್ದ. ವಿಶ್ವ ಸರಣಿ ಎಂದು ಕರೆಯುವ ಅಂತಿಮ ಹಣಾಹಣಿಗಳಲ್ಲಿ ಸತತ 29ಕ್ಕೂ ಹೆಚ್ಚು ಇನಿಂಗ್ಸ್ ಎದುರಾಳಿಗೆ ಒಂದೂ ರನ್ ಕೊಡಲಿಲ್ಲ. ಆ ದಾಖಲೆ 1961ರವರೆಗೆ ನಿಂತಿತ್ತು. ಇಷ್ಟು ಒಳ್ಳೆಯ ಪಿಚರ್‌ನನ್ನು ಬ್ಯಾಟ್ ಹಿಡಿಯುವವನನ್ನಾಗಿ ಬದಲಿಸಿದ್ದು ಆಗ ಬಾಸ್ಟನ್ ಮ್ಯಾನೇಜರ್ ಆಗಿದ್ದ ಎಡ್ ಬ್ಯಾರೋ. ಈ ಹೆಸರು ನೆನಪಿಡಿ, ಮತ್ತೆ ಬರುತ್ತದೆ. 1919ರಲ್ಲಿ ರೂತ್ 29 ಹೋಮ್ ರನ್ ಹೊಡೆದ. ಒಂದು ಋತುವಿನಲ್ಲಿ ಅಷ್ಟನ್ನು ಅದುವರೆಗೆ ಯಾರೂ ಹೊಡೆದಿರಲಿಲ್ಲ.

ಆ ಚಳಿಗಾಲದಲ್ಲೇ ಬಾಸ್ಟನ್ ಮಾಲೀಕ ಹ್ಯಾರಿ ಫ್ರೇಜಿ ಆತನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿಬಿಟ್ಟ. ಬೆಲೆ ಒಂದು ಲಕ್ಷ ಡಾಲರ್. ಜೊತೆಗೆ ಯಾಂಕೀಸ್ ಮಾಲೀಕ, ಬಿಯರ್ ಕಾರ್ಖಾನೆಯ ಧಣಿ ಜೇಕಬ್ ರೂಪರ್ಟ್, ಬಾಸ್ಟನ್ ಕ್ರೀಡಾಂಗಣವನ್ನು ಅಡವು ಇಟ್ಟುಕೊಂಡು ಮೂರು ಲಕ್ಷ ಡಾಲರ್‌ಗೂ ಹೆಚ್ಚು ಸಾಲ ಕೊಟ್ಟ.

ಬಾಡಿಗೆ ಮನೆಯಿಂದ ಸ್ವಂತ ಮನೆಗೆ

ಅಲ್ಲಿಯವರೆಗೆ ಯಾಂಕೀಸ್ ಒಂದೇ ಒಂದು ಪ್ರಶಸ್ತಿ ಗೆದ್ದಿರಲಿಲ್ಲ. ಸ್ವಂತ ಮೈದಾನವೂ ಇರಲಿಲ್ಲ. ಜೈಂಟ್ಸ್ ತಂಡದ ಪೋಲೋ ಗ್ರೌಂಡ್ಸ್‌ನಲ್ಲಿ ಬಾಡಿಗೆಗಿದ್ದರು. 1920ರಲ್ಲಿ ರೂತ್ 54 ಹೋಮ್ ರನ್ ಬಾರಿಸಿದ. ಅಮೆರಿಕನ್ ಲೀಗ್‌ನ ಬೇರೆ ಯಾವ ಇಡೀ ತಂಡವೂ ಆ ವರ್ಷ ಅಷ್ಟು ಹೊಡೆಯಲಿಲ್ಲ. ಒಂದು ಋತುವಿನಲ್ಲಿ ತವರಿನ ಪಂದ್ಯಗಳಿಗೆ ಹತ್ತು ಲಕ್ಷ ಪ್ರೇಕ್ಷಕರನ್ನು ಸೆಳೆದ ಮೊದಲ ತಂಡ ಯಾಂಕೀಸ್ ಆಯಿತು. ಬಾಡಿಗೆದಾರನಿಗೆ ತಮಗಿಂತ ಹೆಚ್ಚು ಜನ ಸೇರುವುದನ್ನು ಕಂಡ ಜೈಂಟ್ಸ್‌ನವರು ಮನೆ ಖಾಲಿ ಮಾಡಿ ಎಂದರು. ಹಾಗೆ ಎದ್ದದ್ದು ಯಾಂಕೀ ಸ್ಟೇಡಿಯಂ. ಎಡಗೈ ಆಟಗಾರ ರೂತ್‌ಗೆ ಅನುಕೂಲವಾಗುವಂತೆ ಬಲಗಡೆಯ ಬೇಲಿ ಹತ್ತಿರವೇ ಇತ್ತು. 1923ರ ಏಪ್ರಿಲ್ 18ರಂದು ಅದು ತೆರೆದ ದಿನ ಮೊದಲ ಹೋಮ್ ರನ್ ಹೊಡೆದವನೂ ಆತನೇ. ಅದೇ ವರ್ಷ ತಂಡ ಮೊದಲ ಸಲ ವಿಶ್ವ ಸರಣಿ ಗೆದ್ದಿತು. 1927ರಲ್ಲಿ ಆತ ಹೊಡೆದ ಹೋಮ್ ರನ್‌ಗಳ ಸಂಖ್ಯೆ 60.

ಈ ಭಾಗವನ್ನು ಎಲ್ಲರೂ ಬರೆದಿದ್ದಾರೆ, ಹಾಗಾಗಿ ಉದ್ದ ಮಾಡುವುದಿಲ್ಲ. ನಮ್ಮ ಕಥೆಗೆ ಬೇಕಾದ್ದು ಇದರ ಇನ್ನೊಂದು ಮುಖ.

ರೂತ್‌ಗೆ ಅಂಕೆ ಎಂಬುದೇ ಇರಲಿಲ್ಲ. ತಿನ್ನುವುದು, ಕುಡಿಯುವುದು, ರಾತ್ರಿ ತಿರುಗುವುದು, ದುಡ್ಡು ಚೆಲ್ಲುವುದು, ಎಲ್ಲದರಲ್ಲೂ ಅತಿ. 1922ರ ಮೇ ತಿಂಗಳಲ್ಲಿ ಆತನನ್ನು ತಂಡದ ಕ್ಯಾಪ್ಟನ್ ಮಾಡಿದರು. ಒಂದು ವಾರವೂ ಕಳೆಯಲಿಲ್ಲ, ಹೀಯಾಳಿಸಿದ ಪ್ರೇಕ್ಷಕನೊಬ್ಬನನ್ನು ಹಿಡಿಯಲು ಗ್ಯಾಲರಿಗೇ ನುಗ್ಗಿದ. ಕ್ಯಾಪ್ಟನ್ ಪಟ್ಟ ಹೋಯಿತು. 1925ರಲ್ಲಿ ಋತು ಶುರುವಾಗುವ ಮುನ್ನವೇ ಪ್ರಯಾಣದ ನಡುವೆ ಕುಸಿದು ಬಿದ್ದು ಆಸ್ಪತ್ರೆ ಸೇರಿದ, ಶಸ್ತ್ರಚಿಕಿತ್ಸೆಯಾಯಿತು. ಚೇತರಿಸಿಕೊಂಡು ಬಂದ ಮೇಲೂ ಚಾಳಿ ಬಿಡಲಿಲ್ಲ. ಆಗಸ್ಟ್‌ನಲ್ಲಿ ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಆತನಿಗೆ 5,000 ಡಾಲರ್ ದಂಡ ಹಾಕಿ ಅಮಾನತು ಮಾಡಿದ. ಹಗಿನ್ಸ್ ಕುಳ್ಳ, ಸಣಕಲು ಮನುಷ್ಯ. ರೂತ್ ಅವನನ್ನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಮಾಲೀಕ ತನ್ನ ಪರ ನಿಲ್ಲುತ್ತಾನೆಂದು ನಂಬಿ ಓಡಿದ. ರೂಪರ್ಟ್ ನಿಂತದ್ದು ಹಗಿನ್ಸ್ ಪರ. ಅಷ್ಟರಲ್ಲಿ ಬಾಸ್ಟನ್ ಬಿಟ್ಟು ಯಾಂಕೀಸ್ ಆಡಳಿತ ಹಿಡಿದಿದ್ದ ಎಡ್ ಬ್ಯಾರೋ ಕೂಡ ಹಗಿನ್ಸ್ ಪರವೇ. ರೂತ್ ಕ್ಷಮೆ ಕೇಳಬೇಕಾಯಿತು.

ಆತ ತಿದ್ದಿಕೊಂಡದ್ದೂ ನಿಜ. ವ್ಯಾಯಾಮ ಮಾಡಿ ಮೈ ಇಳಿಸಿ ಮುಂದಿನ ಆರೇಳು ವರ್ಷ ಅದ್ಭುತವಾಗಿ ಆಡಿದ. ಆದರೆ ಮಾಲೀಕರ ಮನಸ್ಸಿನ ಪುಸ್ತಕದಲ್ಲಿ 1925ರ ಪುಟ ಹಾಗೇ ಉಳಿಯಿತು.

ಒಂದೇ ಒಂದು ಆಸೆ

ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ಲೆಕ್ಕಪತ್ರ ನೋಡುವವನಲ್ಲ. ಯಾರು ಆಡಬೇಕು, ಯಾರು ಕೂರಬೇಕು, ಯಾವಾಗ ಯಾರನ್ನು ಬದಲಿಸಬೇಕು ಎಂದೆಲ್ಲ ತೀರ್ಮಾನಿಸುವವನು. ಕೋಚ್ ಮತ್ತು ಕ್ಯಾಪ್ಟನ್ ಎರಡೂ ಸೇರಿದ ಸ್ಥಾನ. 1929ರ ಸೆಪ್ಟೆಂಬರ್‌ನಲ್ಲಿ ಹಗಿನ್ಸ್ ಹಠಾತ್ತಾಗಿ ತೀರಿಕೊಂಡಾಗ ರೂತ್ ಆ ಜಾಗ ತನಗೆ ಕೊಡಿ ಎಂದು ಕೇಳಿದ. ಆ ವರ್ಷ ಆತನ ಬದುಕೇ ಬದಲಾಗಿತ್ತು. ದೂರವಾಗಿದ್ದ ಮೊದಲ ಹೆಂಡತಿ ಹೆಲೆನ್ ಜನವರಿಯಲ್ಲಿ ಬೆಂಕಿ ಅವಘಡದಲ್ಲಿ ತೀರಿಕೊಂಡಿದ್ದಳು. ಏಪ್ರಿಲ್‌ನಲ್ಲಿ ಕ್ಲೇರ್ ಹಾಡ್ಜ್‌ಸನ್‌ಳನ್ನು ಮದುವೆಯಾಗಿದ್ದ. ಆಕೆ ಆತನ ಊಟ, ನಿದ್ದೆ, ಹಣ ಎಲ್ಲಕ್ಕೂ ಕಡಿವಾಣ ಹಾಕಿದ್ದಳು. ಪ್ರವಾಸಕ್ಕೂ ಜೊತೆಗೇ ಹೋಗುತ್ತಿದ್ದಳು.

ರೂಪರ್ಟ್ ಆ ಸ್ಥಾನವನ್ನು ರೂತ್‌ನ ಹಳೆಯ ಸಹ ಆಟಗಾರ ಬಾಬ್ ಶಾಕಿಗೆ ಕೊಟ್ಟ. ಒಂದೇ ವರ್ಷಕ್ಕೆ ಶಾಕಿಯನ್ನು ತೆಗೆದರು. ರೂತ್ ಮತ್ತೆ ಕೇಳಿದ. ಈ ಸಲ ಹೊರಗಿನಿಂದ ಜೋ ಮೆಕಾರ್ಥಿಯನ್ನು ತಂದರು. ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದ ಮನುಷ್ಯ ಅವನು. ಅಂಥವನ ಕೈಕೆಳಗೆ ಬೇಬ್ ರೂತ್! ಇಬ್ಬರಿಗೂ ಮಾತುಕತೆ ಅಷ್ಟಕ್ಕಷ್ಟೆ.

ತನ್ನನ್ನೇ ಆಳಿಕೊಳ್ಳಲಾಗದವನು ಇಪ್ಪತ್ತೈದು ಜನರನ್ನು ಹೇಗೆ ಆಳುತ್ತಾನೆ ಎಂಬುದು ಮಾಲೀಕರ ತರ್ಕ. ತರ್ಕದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಇದನ್ನು ಒಂದು ಸಲ ಎದುರು ಕೂರಿಸಿಕೊಂಡು, ನಿನಗೆ ಈ ಸ್ಥಾನ ಎಂದೂ ಸಿಗುವುದಿಲ್ಲ ಎಂದು ಹೇಳಿಬಿಟ್ಟಿದ್ದರೆ? ಯಾರೂ ಹೇಳಲಿಲ್ಲ. ಆತ ಆಸೆ ಇಟ್ಟುಕೊಂಡೇ ಇದ್ದ. ಆಸೆ ಇದ್ದಷ್ಟು ದಿನ ಸಂಬಳದ ಜಗಳ ಮೆತ್ತಗಿರುತ್ತದೆ, ಟಿಕೆಟ್ ಮಾರಾಟವಾಗುತ್ತದೆ ಎಂಬ ಲೆಕ್ಕ ಮಾಲೀಕರಿಗೆ ಇತ್ತೋ ಏನೋ.

ಈ ನಡುವೆ ವಯಸ್ಸು ತನ್ನ ಕೆಲಸ ಮಾಡುತ್ತಿತ್ತು. 1930ರಲ್ಲಿ 49 ಹೋಮ್ ರನ್, 1931ರಲ್ಲಿ 46, 1932ರಲ್ಲಿ 41, 1933ರಲ್ಲಿ 34, 1934ರಲ್ಲಿ 22. ಮೆಟ್ಟಿಲು ಇಳಿದಂತೆ ಇಳಿಯುವ ಈ ಅಂಕಿಗಳ ಪಕ್ಕದಲ್ಲಿ ಸಂಬಳದ ಅಂಕಿಗಳನ್ನೂ ಇಟ್ಟು ನೋಡಿ. 1930 ಮತ್ತು 1931ರಲ್ಲಿ 80,000 ಡಾಲರ್. ಅಮೆರಿಕ ಅಧ್ಯಕ್ಷ ಹೂವರ್ ಪಡೆಯುತ್ತಿದ್ದುದಕ್ಕಿಂತ ಐದು ಸಾವಿರ ಹೆಚ್ಚು. 1932ರಲ್ಲಿ 75,000, ಮರುವರ್ಷ 52,000, 1934ರಲ್ಲಿ 35,000. ಮಹಾ ಆರ್ಥಿಕ ಕುಸಿತದ ಕಾಲವದು, ಎಲ್ಲರ ಸಂಬಳವೂ ಇಳಿದಿತ್ತು. ಆದರೂ ನಾಲ್ಕು ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ!

ಹಾಗಂತ ಮಿಂಚು ಪೂರ್ತಿ ಆರಿರಲಿಲ್ಲ. 1933ರಲ್ಲಿ ಷಿಕಾಗೋದಲ್ಲಿ ನಡೆದ ಮೊಟ್ಟಮೊದಲ ಆಲ್ ಸ್ಟಾರ್ ಪಂದ್ಯದಲ್ಲಿ ಮೊದಲ ಹೋಮ್ ರನ್ ಹೊಡೆದದ್ದು ಆತನೇ. ಆ ಋತುವಿನ ಕೊನೆಯ ದಿನ ಜನ ಸೇರಿಸಲೆಂದು ಆತನಿಂದ ಚೆಂಡು ಎಸೆಸಿದರು. ಪಿಚರ್ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಒಂಬತ್ತೂ ಇನಿಂಗ್ಸ್ ಎಸೆದು, ಹೋಮ್ ರನ್ನನ್ನೂ ಹೊಡೆದು, ತಂಡವನ್ನು 6-5ರಿಂದ ಗೆಲ್ಲಿಸಿದ. 1934ರ ಜುಲೈ 13ರಂದು ಡೆಟ್ರಾಯಿಟ್‌ನಲ್ಲಿ 700ನೇ ಹೋಮ್ ರನ್ ದಾಟಿದ. ಆದರೆ ಮೈದಾನದಲ್ಲಿ ನಿಂತಾಗ ಬದಿಗೆ ಹೋದ ಚೆಂಡು ಆತನಿಗೆ ಸಿಗುತ್ತಿರಲಿಲ್ಲ. ಕೊನೆಯ ಇನಿಂಗ್ಸ್‌ಗಳಲ್ಲಿ ಆತನ ಬದಲು ಚುರುಕು ಕಾಲಿನ ಹುಡುಗರು ಬಂದು ನಿಲ್ಲುತ್ತಿದ್ದರು. ತಂಡದ ನಿಜವಾದ ಬಲ ಈಗ ಲೂ ಗೆರಿಗ್. 1934ರಲ್ಲಿ ಬ್ಯಾಟಿಂಗ್‌ನ ಮೂರೂ ದೊಡ್ಡ ಪಟ್ಟಿಗಳಲ್ಲಿ ಮೊದಲಿಗನಾದವನು ಗೆರಿಗ್.

ಕೈತಪ್ಪಿದ ಡೆಟ್ರಾಯಿಟ್

ರೂತ್‌ನ ತಪ್ಪೂ ಇದೆ. 1933ರ ಋತು ಮುಗಿದಾಗ ಡೆಟ್ರಾಯಿಟ್ ಟೈಗರ್ಸ್ ಮಾಲೀಕ ಫ್ರಾಂಕ್ ನ್ಯಾವಿನ್‌ಗೆ ಮ್ಯಾನೇಜರ್ ಬೇಕಿತ್ತು. ರೂತ್ ಬಗ್ಗೆ ಆಸಕ್ತಿಯೂ ಇತ್ತು. ಯಾಂಕೀಸ್ ಅಡ್ಡಿ ಮಾಡಲಿಲ್ಲ. ಈ ಬಿಸಿತುಪ್ಪ ಬೇರೆಯವರ ಬಾಯಿಗೆ ಹೋದರೆ ಒಳ್ಳೆಯದೇ. ಹೋಗಿ ನ್ಯಾವಿನ್‌ನನ್ನು ನೋಡು ಎಂದು ಬ್ಯಾರೋ ಹೇಳಿದ. ಆದರೆ ಆತ ಹವಾಯಿ ದ್ವೀಪಕ್ಕೆ ಪ್ರದರ್ಶನ ಪಂದ್ಯಗಳಿಗೆ ಹೊರಟಿದ್ದ. ಬಂದ ಮೇಲೆ ನೋಡೋಣ ಎಂದುಬಿಟ್ಟ. ನ್ಯಾವಿನ್ ಕಾಯಲಿಲ್ಲ. ಒಂದು ಲಕ್ಷ ಡಾಲರ್ ಕೊಟ್ಟು ಮಿಕಿ ಕಾಕ್ರೇನ್‌ನನ್ನು ತಂದ. ಕಾಕ್ರೇನ್ ಮೊದಲ ವರ್ಷವೇ ಟೈಗರ್ಸ್‌ಗೆ ಲೀಗ್ ಗೆದ್ದುಕೊಟ್ಟ, ಮರುವರ್ಷ ವಿಶ್ವ ಸರಣಿಯನ್ನೂ ಗೆದ್ದ. ಹವಾಯಿ ಪ್ರವಾಸದಷ್ಟು ದುಬಾರಿ ಪ್ರವಾಸ ರೂತ್ ಬದುಕಿನಲ್ಲಿ ಇನ್ನೊಂದಿಲ್ಲ.

ರೂಪರ್ಟ್‌ಗೆ ನೆವಾರ್ಕ್‌ನಲ್ಲಿ ಒಂದು ಕಿರಿಯ ತಂಡವಿತ್ತು. ಮೊದಲು ಅಲ್ಲಿ ಮ್ಯಾನೇಜರ್ ಆಗಿ ಕಲಿ ಎಂಬ ಪ್ರಸ್ತಾವ ಬಂತು. ಟೈ ಕಾಬ್, ಟ್ರಿಸ್ ಸ್ಪೀಕರ್ ಅವರನ್ನೆಲ್ಲ ಕಿರಿಯರ ಶಾಲೆಗೆ ಕಳಿಸದೆ ನೇರವಾಗಿ ಮ್ಯಾನೇಜರ್ ಮಾಡಿದ್ದರಲ್ಲ, ತನಗೇಕೆ ಈ ಪರೀಕ್ಷೆ ಎಂದು ರೂತ್ ಒಪ್ಪಲಿಲ್ಲ. ಇದರಲ್ಲಿ ಅಹಂಕಾರ ಇದೆ, ನ್ಯಾಯವೂ ಇದೆ. ಒಂದು ಋತು ನೆವಾರ್ಕ್‌ನಲ್ಲಿ ಕಳೆದಿದ್ದರೆ ಮಾಲೀಕರ ಬಾಯಿಗೆ ಬೀಗ ಬೀಳುತ್ತಿತ್ತು ಎಂದು ಇಷ್ಟು ವರ್ಷಗಳ ನಂತರ ಹೇಳುವುದು ಸುಲಭ.

1934ರ ಚಳಿಗಾಲದಲ್ಲಿ ಅಮೆರಿಕದ ತಾರಾ ತಂಡ ಜಪಾನ್ ಪ್ರವಾಸಕ್ಕೆ ಹೊರಟಿತು. ಪಾಸ್‌ಪೋರ್ಟ್‌ಗೆ ಜನನ ದಾಖಲೆ ತೆಗೆಸಿದಾಗ ರೂತ್‌ಗೆ ಒಂದು ವಿಷಯ ಗೊತ್ತಾಯಿತು. ಆತ ಅದುವರೆಗೆ ತನ್ನ ಹುಟ್ಟಿದ ವರ್ಷ 1894 ಎಂದೇ ತಿಳಿದಿದ್ದ. ದಾಖಲೆಯಲ್ಲಿ ಇದ್ದದ್ದು 1895. ಮುದುಕನಾದ ಎಂದು ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ ಒಂದು ವರ್ಷ ಉಡುಗೊರೆ! ಅದರಿಂದ ಉಪಯೋಗವೇನೂ ಆಗಲಿಲ್ಲ.

ಟೋಕಿಯೋದ ಗಿಂಜಾ ಬೀದಿಯಲ್ಲಿ ಆತನನ್ನು ನೋಡಲು ಸೇರಿದ ಜನಸಾಗರದಲ್ಲಿ ಮೆರವಣಿಗೆಯ ಕಾರುಗಳು ತೆವಳಬೇಕಾಯಿತು. ಅಲ್ಲಿ 13 ಹೋಮ್ ರನ್ ಹೊಡೆದ. ಪ್ರವಾಸದ ಮುಖ್ಯಸ್ಥನಾಗಿ ಹಿರಿಯ ಕಾನಿ ಮ್ಯಾಕ್ ಇದ್ದರೂ ಮೈದಾನದಲ್ಲಿ ತಂಡ ನಡೆಸಿದ್ದು ರೂತ್. ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಹೀಗೆ ಆತನ ಆಸೆ ಈಡೇರಿದ್ದು ಮನೆಯಿಂದ ಹತ್ತು ಸಾವಿರ ಕಿಲೋಮೀಟರ್ ದೂರದಲ್ಲಿ. ಅತ್ತ ಜಪಾನಿನಲ್ಲಿ ಮಕ್ಕಳು ಆತನ ಹಿಂದೆ ಓಡುತ್ತಿದ್ದ ಅದೇ ನವೆಂಬರ್‌ನಲ್ಲಿ, ಇತ್ತ ಯಾಂಕೀಸ್ ಸ್ಯಾನ್ ಫ್ರಾನ್ಸಿಸ್ಕೋದ ಕಿರಿಯ ತಂಡವೊಂದರಿಂದ ಮೀನುಗಾರನ ಮಗನೊಬ್ಬನನ್ನು ಖರೀದಿಸಿತು. ಹೆಸರು ಜೋ ಡಿಮ್ಯಾಜಿಯೋ, ವಯಸ್ಸು ಇಪ್ಪತ್ತರ ಆಸುಪಾಸು.

ರೂತ್ ದಂಪತಿ ಯುರೋಪ್ ಸುತ್ತಿಕೊಂಡು ಊರಿಗೆ ಮರಳಿದರು. ದಾರಿಯಲ್ಲಿ ಲಂಡನ್‌ನಲ್ಲಿ, ಆಸ್ಟ್ರೇಲಿಯಾದ ಮಾಜಿ ಟೆಸ್ಟ್ ಆಟಗಾರ ಅಲನ್ ಫೇರ್‌ಫ್ಯಾಕ್ಸ್ ನಡೆಸುತ್ತಿದ್ದ ಕ್ರಿಕೆಟ್ ತರಬೇತಿ ಶಾಲೆಗೆ ಹೋಗಿ ರೂತ್ ಕ್ರಿಕೆಟ್ ಬ್ಯಾಟನ್ನೂ ಬೀಸಿ ನೋಡಿದ್ದ. ಒಂದು ಕ್ಷಣ ಕಲ್ಪಿಸಿಕೊಳ್ಳಿ, ಆ ಕಾಲದ ಬೌಲರ್‌ಗಳ ಗತಿ ಏನಾಗುತ್ತಿತ್ತು!

ಮೂಗಿಗೆ ತುಪ್ಪ

ಆಗಿನ ನಿಯಮದ ಪ್ರಕಾರ ಒಪ್ಪಂದ ಮುಗಿದರೂ ಆಟಗಾರ ತಂಡದ ಸ್ವತ್ತು. ತಂಡ ಬಿಡುವವರೆಗೆ ಬೇರೆಲ್ಲೂ ಆಡುವಂತಿಲ್ಲ. ರೂತ್‌ನನ್ನು ಉಳಿಸಿಕೊಂಡರೆ ಪೂರ್ತಿ ಆಡಿಸಲಾಗದು, ಬೆಂಚ್ ಮೇಲೆ ಕೂರಿಸಿದರೆ ಜನ ಸುಮ್ಮನಿರರು. ಮ್ಯಾನೇಜರ್ ಮಾಡದಿದ್ದರೆ ಯಾಂಕೀಸ್‌ಗೆ ಮರಳುವುದಿಲ್ಲ ಎಂದು ಆತನೂ ಹೇಳಿಯಾಗಿತ್ತು. ಮೆಕಾರ್ಥಿಯನ್ನು ತೆಗೆಯಲು ರೂಪರ್ಟ್‌ಗೆ ಇಷ್ಟವಿಲ್ಲ. ಹಾಗಂತ ಬೇಬ್ ರೂತ್‌ನನ್ನು ಹೊರಗೆ ಹಾಕಿದವನು ಎಂಬ ಹೆಸರೂ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಆಗ ಸಿಕ್ಕವನು ಎಮಿಲ್ ಫ್ಯೂಕ್ಸ್. ಮಾಜಿ ನ್ಯಾಯಾಧೀಶ, ನ್ಯಾಷನಲ್ ಲೀಗ್‌ನ ಬಾಸ್ಟನ್ ಬ್ರೇವ್ಸ್ ತಂಡದ ಮಾಲೀಕ, ಕುತ್ತಿಗೆವರೆಗೆ ಸಾಲ. ಎಷ್ಟರಮಟ್ಟಿಗೆ ಎಂದರೆ ತನ್ನ ಬೇಸ್‌ಬಾಲ್ ಮೈದಾನದಲ್ಲಿ ನಾಯಿ ಓಟದ ಜೂಜು ನಡೆಸಲು ಹೊರಟಿದ್ದ, ಲೀಗ್ ಒಪ್ಪಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯಂತೆ ರೂತ್ ಕಂಡ. ರೂತ್ ಮೊದಲು ಹೆಸರು ಮಾಡಿದ ಊರೇ ಬಾಸ್ಟನ್. ಆತ ಮರಳುತ್ತಾನೆಂದರೆ ಟಿಕೆಟ್ ಖರ್ಚಾಗದೇ ಇರುತ್ತದೆಯೇ?

1935ರ ಫೆಬ್ರವರಿ 26ರಂದು ನ್ಯೂಯಾರ್ಕ್‌ನಲ್ಲಿ ಪ್ರಕಟಣೆ ಹೊರಬಿತ್ತು. ರೂತ್‌ಗೆ ಬ್ರೇವ್ಸ್‌ನಲ್ಲಿ ಮೂರು ಸ್ಥಾನ. ಆಟಗಾರ, ಸಹಾಯಕ ಮ್ಯಾನೇಜರ್, ಉಪಾಧ್ಯಕ್ಷ. ಸಂಬಳ 25,000 ಡಾಲರ್, ಲಾಭದಲ್ಲಿ ಪಾಲು. ಮುಂದಿನ ವರ್ಷ ಮ್ಯಾನೇಜರ್ ಆಗುವ ಸಾಧ್ಯತೆಯ ಸುಳಿವು. ಅಮೆರಿಕನ್ ಲೀಗ್‌ನ ಉಳಿದ ಯಾವ ತಂಡವೂ ಆತನಿಗಾಗಿ ಕೈ ಎತ್ತಿರಲಿಲ್ಲ. ಒಂದು ಕಾಸೂ ಪಡೆಯದೆ, ಆತನ ಏಳಿಗೆಗೆ ಅಡ್ಡ ಬರಬಾರದೆಂದು ಬಿಟ್ಟುಕೊಟ್ಟೆ ಎಂಬ ಉದಾರಿಯ ಪಾತ್ರ ರೂಪರ್ಟ್‌ನದು. ಒಬ್ಬ ಉದಾರಿ, ಇನ್ನೊಬ್ಬ ಆಪದ್ಬಾಂಧವ. ನಡುವೆ ರೂತ್ ಮೂಗಿಗೆ ತುಪ್ಪ.

ಉಪಾಧ್ಯಕ್ಷನಿಗೆ ಅಧಿಕಾರವಿರಲಿಲ್ಲ. ಲಾಭದಲ್ಲಿ ಪಾಲು ಎಂದರೆ ಲಾಭವೇ ಇರಲಿಲ್ಲ. ಸಹಾಯಕ ಮ್ಯಾನೇಜರ್‌ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ; ಮ್ಯಾನೇಜರ್ ಬಿಲ್ ಮೆಕೆಚ್ನಿ ತನ್ನ ಸ್ಥಾನದಲ್ಲಿ ಭದ್ರವಾಗಿದ್ದ. ಉಳಿದದ್ದು ಆಟ ಮಾತ್ರ. ಅದಕ್ಕೆ ನಲವತ್ತರ ಮೊಣಕಾಲು ಒಪ್ಪುತ್ತಿರಲಿಲ್ಲ.

ಪಿಟ್ಸ್‌ಬರ್ಗ್‌ನ ಒಂದು ಮಧ್ಯಾಹ್ನ

ಏಪ್ರಿಲ್ 16ರಂದು ಬಾಸ್ಟನ್‌ನಲ್ಲಿ ಮೊದಲ ಪಂದ್ಯ. ಚಳಿಯಲ್ಲೂ ಇಪ್ಪತ್ತೈದು ಸಾವಿರ ಜನ. ಎದುರಿಗೆ ಆ ಕಾಲದ ಅತ್ಯುತ್ತಮ ಪಿಚರ್‌ಗಳಲ್ಲೊಬ್ಬ, ಜೈಂಟ್ಸ್‌ನ ಕಾರ್ಲ್ ಹಬೆಲ್. ರೂತ್ ಹೋಮ್ ರನ್ ಹೊಡೆದ, ಬ್ರೇವ್ಸ್ 4-2ರಿಂದ ಗೆದ್ದಿತು. ಒಂದು ದಿನದ ಮಟ್ಟಿಗೆ ಫ್ಯೂಕ್ಸ್ ಲೆಕ್ಕ ಸರಿಯಾಗಿತ್ತು.

ಆಮೇಲೆ ಎಲ್ಲ ಕುಸಿಯಿತು. ಚೆಂಡು ಬ್ಯಾಟ್‌ಗೆ ಸಿಗದು, ಓಡಲಾಗದು. ಆತ ಹಿಂದೆ ನಿಂತಿದ್ದರೆ ಸುಲಭದ ಚೆಂಡೂ ಕೈತಪ್ಪುತ್ತದೆ ಎಂದು ಸ್ವಂತ ತಂಡದ ಪಿಚರ್‌ಗಳೇ ಗೊಣಗಿದರು. ಮೇ ತಿಂಗಳಲ್ಲಿ ರೂತ್ ತಾನೇ ಫ್ಯೂಕ್ಸ್ ಬಳಿ ಹೋಗಿ ಸಾಕು ಎಂದ. ಆದರೆ ಮುಂದಿನ ಪ್ರವಾಸದ ಊರುಗಳಲ್ಲೆಲ್ಲ ರೂತ್ ದಿನಾಚರಣೆ ನಿಗದಿಯಾಗಿ ಟಿಕೆಟ್ ಮಾರಾಟವಾಗಿತ್ತು. ಇದೊಂದು ಪ್ರವಾಸ ಮುಗಿಸಿಕೊಡು ಎಂದು ಫ್ಯೂಕ್ಸ್ ಬೇಡಿಕೊಂಡ. ಯಾಂಕೀಸ್ ಮೇಲಿನ ಸಿಟ್ಟಿಗಿಂತ ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿ. ಯಾಂಕೀಸ್ ಆತನನ್ನು ಬೇಡ ಎಂದಿತು, ಅಷ್ಟೆ. ಫ್ಯೂಕ್ಸ್ ಆತನನ್ನು ಪ್ರದರ್ಶನಕ್ಕಿಟ್ಟ.

ಮೇ 25, ಶನಿವಾರ, ಪಿಟ್ಸ್‌ಬರ್ಗ್‌ನ ಫೋರ್ಬ್ಸ್ ಫೀಲ್ಡ್. ಮೊದಲ ಇನಿಂಗ್ಸ್‌ನಲ್ಲಿ ರೆಡ್ ಲ್ಯೂಕಸ್ ಎಸೆದ ಚೆಂಡು ಬೇಲಿಯಾಚೆ. ನಂತರ ಬಂದ ಪಿಚರ್ ಗೈ ಬುಷ್. 1932ರ ವಿಶ್ವ ಸರಣಿಯಲ್ಲಿ ಷಿಕಾಗೋ ಪರ ರೂತ್ ಎದುರು ಆಡಿದವನು. ಅವನ ಚೆಂಡೂ ಬೇಲಿಯಾಚೆ. ಮತ್ತೊಂದು ಸಲ ಬ್ಯಾಟ್ ತಗುಲಿಸಿ ಒಂದು ಬೇಸ್ ಓಡಿದ. ಏಳನೇ ಇನಿಂಗ್ಸ್‌ನಲ್ಲಿ ಬುಷ್ ಎಸೆದ ಚೆಂಡಿಗೆ ಬೀಸಿದ ಬೀಸಿಗೆ ಅದು ಬಲಗಡೆಯ ಎರಡಂತಸ್ತಿನ ಗ್ಯಾಲರಿಯ ಛಾವಣಿಯನ್ನೇ ದಾಟಿ ಹೊರಗೆ ಹೋಗಿ ಬಿತ್ತು. ಆ ಛಾವಣಿಯನ್ನು ಅಲ್ಲಿಯವರೆಗೆ ಯಾರೂ ದಾಟಿಸಿರಲಿಲ್ಲ. ಅದು 714ನೇ ಹೋಮ್ ರನ್. ನಾಲ್ಕು ಸಲ ಬ್ಯಾಟಿಂಗ್, ನಾಲ್ಕೂ ಸಲ ಹಿಟ್, ಮೂರು ಹೋಮ್ ರನ್, ತಂಡಕ್ಕೆ ಆರು ರನ್. ಅಷ್ಟಾದರೂ ಬ್ರೇವ್ಸ್ 11-7ರಿಂದ ಸೋತಿತು. ಆ ತಂಡ ಎಂಥದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಂದೇ ನಿಲ್ಲಿಸಿಬಿಡು ಎಂದು ಕ್ಲೇರ್ ಹೇಳಿದಳು. ಮಾತು ಕೊಟ್ಟಿದ್ದೇನೆ ಎಂದು ಆತ ಮುಂದುವರಿದ. ಸಿನ್ಸಿನಾಟಿಗೆ ಹೋದ, ಫಿಲಡೆಲ್ಫಿಯಾಗೆ ಹೋದ. ಮೇ 30ರಂದು ಫಿಲಡೆಲ್ಫಿಯಾದಲ್ಲಿ ಮೊದಲ ಇನಿಂಗ್ಸ್‌ನಲ್ಲೇ ಔಟಾಗಿ, ಮೊಣಕಾಲು ನೋಯಿಸಿಕೊಂಡು ಹೊರನಡೆದ. ಮತ್ತೆ ಆಡಲಿಲ್ಲ.

ಮುರಿದದ್ದು ಒಂದು ಹಡಗಿನ ವಿಷಯಕ್ಕೆ. ಫ್ರಾನ್ಸಿನ ಭಾರೀ ಹಡಗು ನಾರ್ಮಂಡಿ ಮೊದಲ ಸಲ ನ್ಯೂಯಾರ್ಕಿಗೆ ಬರುವುದಿತ್ತು, ಸ್ವಾಗತ ಸಮಾರಂಭಕ್ಕೆ ರೂತ್‌ಗೆ ಆಹ್ವಾನವಿತ್ತು. ಕಾಲು ನೋವಿನಿಂದ ಹೇಗೂ ಆಡುತ್ತಿಲ್ಲ, ಹೋಗಿ ಬರುತ್ತೇನೆ ಎಂದ. ಫ್ಯೂಕ್ಸ್ ಬಿಡಲಿಲ್ಲ. ಜೂನ್ 2ರಂದು ಪಂದ್ಯ ಮುಗಿದ ಮೇಲೆ ರೂತ್ ಸುದ್ದಿಗಾರರನ್ನು ಕರೆದು ನಿವೃತ್ತಿ ಎಂದ. ಫ್ಯೂಕ್ಸ್ ಅದೇ ದಿನ ನಾನೇ ತೆಗೆದೆ ಎಂದ. ಆ ಋತುವಿನಲ್ಲಿ 28 ಪಂದ್ಯ, ಬ್ಯಾಟಿಂಗ್ ಸರಾಸರಿ .181, ಆರು ಹೋಮ್ ರನ್. ಅದರಲ್ಲಿ ಮೂರು ಪಿಟ್ಸ್‌ಬರ್ಗ್‌ನ ಆ ಒಂದೇ ಮಧ್ಯಾಹ್ನದವು. ಬ್ರೇವ್ಸ್ ಆ ವರ್ಷ 38 ಗೆದ್ದು 115 ಸೋತಿತು. ಋತು ಮುಗಿಯುವ ಮೊದಲೇ ಫ್ಯೂಕ್ಸ್ ಕೈಯಿಂದ ತಂಡವೂ ಜಾರಿತು.

ಹಾಗಾದರೆ ಯಾರು ಸರಿ?

ಆಟದ ಲೆಕ್ಕದಲ್ಲಿ ಯಾಂಕೀಸ್ ಸರಿ. 1935ರಲ್ಲಿ ಎರಡನೇ ಸ್ಥಾನ. 1936ರಲ್ಲಿ ಡಿಮ್ಯಾಜಿಯೋ ಬಂದ. ಅಲ್ಲಿಂದ 1939ರವರೆಗೆ ಸತತ ನಾಲ್ಕು ವಿಶ್ವ ಸರಣಿ ಯಾಂಕೀಸ್ ಪಾಲಾದವು. ಒಂದು ಪಂದ್ಯವನ್ನೂ ಆಡದವನು ಎಂದು ರೂತ್ ಹಗುರವಾಗಿ ಕಂಡ ಮೆಕಾರ್ಥಿ ಒಟ್ಟು ಏಳು ವಿಶ್ವ ಸರಣಿ ಗೆದ್ದ. ರೂತ್‌ನ ಜಾಗದಲ್ಲಿ ಆಡಲು ಬಂದ ಜಾರ್ಜ್ ಸೆಲ್ಕಿರ್ಕ್‌ಗೆ ಆತನ 3ನೇ ನಂಬರಿನ ಅಂಗಿಯನ್ನೇ ಕೊಟ್ಟರು. ನಂಬರನ್ನು ಕಾಯ್ದಿಡಬೇಕೆಂದು ಆಗ ಯಾರಿಗೂ ತೋಚಲಿಲ್ಲ.

ಆಟಗಾರನನ್ನು ಬಿಡುವುದು ಒಂದು ಪ್ರಶ್ನೆ. ಮನುಷ್ಯನನ್ನು ಏನು ಮಾಡುವುದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಯಾರೂ ಕೇಳಿಕೊಳ್ಳಲೇ ಇಲ್ಲ. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಐವರಲ್ಲಿ ರೂತ್ ಒಬ್ಬ. ಆದರೆ ಕೆಲಸ ಕೊಡುವವರಿರಲಿಲ್ಲ. 1938ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ 15,000 ಡಾಲರ್‌ಗೆ ಕೋಚ್ ಎಂದು ಕರೆಯಿತು. ಮೊದಲ ಬೇಸ್ ಪಕ್ಕ ನಿಲ್ಲುವುದು, ಪಂದ್ಯಕ್ಕೆ ಮುನ್ನ ಜನರಿಗೆ ತೋರಿಸಲು ನಾಲ್ಕು ಚೆಂಡು ಹೊಡೆಯುವುದು. ಋತು ಮುಗಿದಾಗ ಮ್ಯಾನೇಜರ್ ಸ್ಥಾನ ತೆರವಾಯಿತು. ಕೊಟ್ಟದ್ದು ಲಿಯೋ ಡ್ಯುರೋಶರ್‌ಗೆ. ರೂತ್ ಮನೆಗೆ ಬಂದ. ಗಾಲ್ಫ್ ಆಡಿದ, ಬೇಟೆಯಾಡಿದ, ಯುದ್ಧನಿಧಿಗೆ ಹಣ ಎತ್ತಿದ. ಮ್ಯಾನೇಜರ್ ಕೆಲಸದ ಕರೆ ಎಂದೂ ಬರಲಿಲ್ಲ.

1946ರ ಕೊನೆಯಲ್ಲಿ ಕ್ಯಾನ್ಸರ್ ಹಿಡಿಯಿತು. ಧ್ವನಿ ಹೋಗುತ್ತಾ ಬಂತು. 1948ರ ಜೂನ್ 13ರಂದು ಯಾಂಕೀ ಸ್ಟೇಡಿಯಂಗೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭ. ಅಂದು ಕೊನೆಗೂ 3ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ತಂಡ ಘೋಷಿಸಿತು. ಹಳೆಯ ಅಂಗಿ ತೊಟ್ಟು ಬಂದ ರೂತ್‌ಗೆ ನಿಲ್ಲಲು ಆಸರೆ ಬೇಕಿತ್ತು. ಎದುರಾಳಿ ಕ್ಲೀವ್‌ಲ್ಯಾಂಡ್ ತಂಡದವರು ತಮ್ಮ ಕಡೆಯಿಂದ ಒಂದು ಬ್ಯಾಟ್ ಕೊಟ್ಟರು. ಅದು ಅವರ ಪಿಚರ್ ಬಾಬ್ ಫೆಲ್ಲರ್‌ನದು. ಅದನ್ನು ಊರುಗೋಲಿನಂತೆ ಊರಿಕೊಂಡು ನಿಂತ ಆತನನ್ನು ನ್ಯಾಟ್ ಫೈನ್ ಎಂಬ ಛಾಯಾಗ್ರಾಹಕ ಹಿಂದಿನಿಂದ ತೆಗೆದ. ಬೆನ್ನಿನ ಮೇಲಿನ 3 ಕಾಣುತ್ತದೆ, ಮುಖ ಕಾಣುವುದಿಲ್ಲ. ಆ ಚಿತ್ರಕ್ಕೆ ಪುಲಿಟ್ಜರ್ ಬಂತು.

ಎರಡು ತಿಂಗಳ ನಂತರ, ಆಗಸ್ಟ್ 16ರಂದು ರೂತ್ ತೀರಿಕೊಂಡ. ವಯಸ್ಸು 53. ದೇಹವನ್ನು ಯಾಂಕೀ ಸ್ಟೇಡಿಯಂಗೇ ತಂದು ಇರಿಸಿದರು. 1934ರ ಆ ಸೆಪ್ಟೆಂಬರ್ ಮಧ್ಯಾಹ್ನ ಎರಡು ಸಾವಿರ ಜನ ಬಂದಿದ್ದ ಜಾಗಕ್ಕೆ ಈ ಸಲ ಹತ್ತಾರು ಸಾವಿರ ಜನ ಬಂದರು. ಸಾಲು ಕ್ರೀಡಾಂಗಣದ ಹೊರಗೂ ಬೆಳೆದಿತ್ತು.